ಕಾವಿ ನೆಲಕ್ಕೆ ಕಾರ್ಪೆಟ್ ಅಂಟಿಸುವ ಮೊದಲು ದಯವಿಟ್ಟು ಇದನ್ನು ಓದಿ

ಪೂರ್ತಿ ಓದ್ಲಿಕ್ಕೆ ಪುರುಸೊತ್ತು ಇಲ್ಲದವರಿಗೆ ಮೊದಲೇ ಹೇಳಿಬಿಡ್ತೇನೆ. ಹಳೆ ಕೆಂಪುಕಲ್ಲಿನ ಮನೆ, ಕಾವಿ ನೆಲ (ಕೆಂಪು ಬಣ್ಣ ಹಾಕಿ ತಿಕ್ಕಿ ಹೊಳಪು ತಂದ ಹಳೆ ಕಾಲದ ನೆಲ) ಇದ್ದವರು ಕಾರ್ಪೆಟ್ ಅಂಟಿಸ್ಲಿಕ್ಕೆ ಯಾರನ್ನೂ ಬಿಡ್ಬೇಡಿ. ಮತ್ತೆ ಓದ್ಲಿಕ್ಕೆ ಬಾರದ ಕಾಗದಕ್ಕೆ ಸೈನ್ ಹಾಕ್ಬೇಡಿ. ನಾನು ಹಾಕಿದೆ. 24 ವರ್ಷ ಕನ್ನಡ ಮೀಡಿಯಂ ಶಾಲೆಯಲ್ಲಿ ಮಕ್ಕಳಿಗೆ "ಓದಿ ನೋಡಿ ಉತ್ತರ ಬರೀರಿ" ಅಂತ ಹೇಳಿದವಳು ನಾನು, ನಾನೇ ಓದದೆ ಸೈನ್ ಹಾಕಿದೆ. ಇದನ್ನು ಬರೀಲಿಕ್ಕೂ ನಾಚಿಕೆ ಆಗ್ತದೆ, ಆದ್ರೆ ಬರೀದೆ ಇದ್ರೆ ಆ ಕಾಂಟ್ರಾಕ್ಟರ್ ನಾಳೆ ಇನ್ನೊಂದು ಮನೆಗೆ ಹೋಗ್ತಾನೆ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ. ಮಾವ 1974ರಲ್ಲಿ ಕಟ್ಟಿಸಿದ್ದು. ಮೇ ಕೊನೆಗೆ ಮಗಳ ಬದ್ಧ (ನಿಶ್ಚಿತಾರ್ಥ) ಅಂತ ಆಯ್ತು, ಗಂಡಿನ ಕಡೆಯವರು ಮೊದಲ ಸಲ ಬರುದು, ಗೋಡೆ ಎಲ್ಲ ಹಳೆ ಸುಣ್ಣ, ಮಗಳಿಗೆ ಚಾವಡಿಗೆ (ಮನೆಯ ಹಾಲಿಗೆ) ಕಾರ್ಪೆಟ್ ಬೇಕು ಅಂತ ಆಸೆ. ನೆಂಟರ ಪೈಕಿ ಒಬ್ಬರು ಹೇಳಿದ್ರು, ಒಬ್ಬ ಕಾಂಟ್ರಾಕ್ಟರ್ ಇದ್ದಾನೆ, ಪೈಂಟ್ ಕಾರ್ಪೆಟ್ ಎಲ್ಲ ಅವನೇ ಮಾಡಿಕೊಡ್ತಾನೆ, ನೀವು ಎಂತದೂ ನೋಡ್ಬೇಕಂತ ಇಲ್ಲ ಅಂತ. ವಿಷು ಕಳೆದ ಮೂರನೇ ದಿನ ಬಂದ. ನಯವಾದ ಮಾತು, "ಟೀಚರೇ ಟೀಚರೇ" ಅಂತ. ಅತ್ತೆಯ ಕಾಲು ಮುಟ್ಟಿ ನಮಸ್ಕಾರ ಬೇರೆ ಮಾಡಿದ.

ಟೇಪ್ ಹಿಡಿದು ಅವನೇ ಅಳೆದ, ಗೋಡೆ ಸೀಲಿಂಗ್ ಎಲ್ಲ ಸೇರಿ 2,400 ಚದರಡಿ ಅಂದ. ಪುಟ್ಟಿ ಎರಡು ಕೋಟ್, ಪ್ರೈಮರ್, ಎಮಲ್ಷನ್ ಪೈಂಟ್ ಎರಡು ಕೋಟ್, ಸಾಮಾನು ಅವನದ್ದೇ, ಚದರಡಿಗೆ 24 ರೂಪಾಯಿ. ಕಾರ್ಪೆಟ್ ಚಾವಡಿಗೆ ಮತ್ತೆ ಒಂದು ಕೋಣೆಗೆ 340 ಚದರಡಿ, 65 ರೂಪಾಯಿ ಹಾಗೆ. ಒಟ್ಟು 79,700. ಅಡ್ವಾನ್ಸ್ 50,000 ಕೇಳಿದ, ಕೊಟ್ಟೆವು. ಆಗ ಒಂದು ಎಸ್ಟಿಮೇಟ್ ಕಾಗದ ಕೊಟ್ಟ, ಪೂರ್ತಿ ಮಲಯಾಳದಲ್ಲಿ. 1956ರಿಂದ ನಮ್ಮ ಊರು ಕೇರಳದಲ್ಲಿ, ಮಲಯಾಳ ಮಾತಾಡ್ಲಿಕ್ಕೆ ನಮಗೆಲ್ಲ ಬರ್ತದೆ, ಆದ್ರೆ ನನ್ನ ಪ್ರಾಯದ ಕನ್ನಡ ಮೀಡಿಯಂನವರಿಗೆ ಓದುದು ಅಂದ್ರೆ ಬಸ್ಸಿನ ಬೋರ್ಡು, ಅಂಗಡಿ ಹೆಸರು, ಅಷ್ಟೇ. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಎಂತದೋ ನಾಲ್ಕು ಸಾಲು. ಇದು ಎಂತ ಅಂತ ಕೇಳಿದೆ. ಕೇಳಿದ್ದೇನೆ, ಕೇಳದೆ ಇಲ್ಲ. "ಅದು ಎಲ್ಲರಿಗೂ ಹಾಕುದು ಟೀಚರೇ, ಜಿಎಸ್‌ಟಿಯದ್ದು" ಅಂದ. ನಂಬಿದೆ, ಸೈನ್ ಹಾಕಿದೆ.

10 ದಿನದ ಕೆಲಸ ಅಂದದ್ದು 27 ದಿನ ಆಯ್ತು. ಅಷ್ಟು ದಿನ ಮನೆಯಲ್ಲಿ ಇದ್ದುಕೊಂಡೇ ಕೆಲಸ ಮಾಡಿಸುದು ಹೇಗೆ ಅಂತ ಮಾಡಿಸಿದವರಿಗೆ ಗೊತ್ತು. ಮಂಚ ಜಗಲಿಯಲ್ಲಿ, ಕಪಾಟು ಅಂಗಳದಲ್ಲಿ ಟಾರ್ಪಾಲ್ ಅಡಿಯಲ್ಲಿ, ಸೌದೆ ಕೊಟ್ಟಿಗೆಯಲ್ಲಿ ಗ್ಯಾಸ್ ಇಟ್ಟು ಅಡಿಗೆ. ಪುಟ್ಟಿ ಉಜ್ಜುವಾಗ ಏಳುವ ಬಿಳಿ ಹುಡಿ ಗಂಜಿಯ ಮೇಲೂ ಇತ್ತು, ಮಿಡಿ ಉಪ್ಪಿನಕಾಯಿ ಭರಣಿಯ ಬಾಯಿಬಟ್ಟೆ ಮೇಲೂ ಇತ್ತು. 81 ವರ್ಷದ ಅತ್ತೆಗೆ ರಾತ್ರಿಯಿಡೀ ಕೆಮ್ಮು. ಆಗೆಲ್ಲ ನಾನು ಅತ್ತೆಗೆ ಹೇಳುದು, ಇನ್ನು ನಾಲ್ಕು ದಿನ ಅತ್ತೆ, ಇನ್ನು ನಾಲ್ಕೇ ದಿನ ಅಂತ.

ಕೆಲಸಕ್ಕೆ ಬಂದದ್ದು ಬಂಗಾಳದ ಮೂರು ಹುಡುಗರು, ಪಾಪ, ಅವರ ಮೇಲೆ ನನಗೆ ಸಿಟ್ಟಿಲ್ಲ. ಅದರಲ್ಲಿ ಒಬ್ಬ ಮೂಲೆಯ ಗೋಡೆಗೆ ಕೈ ಇಟ್ಟು "ಮೇಡಂ, ದೀವಾರ್ ಗೀಲಾ ಹೈ" ಅಂತ ನನಗೇ ಹೇಳಿದ, ಗೋಡೆ ಒದ್ದೆ ಉಂಟು ಅಂತ. ಕಾಂಟ್ರಾಕ್ಟರ್ ಅವನಿಗೆ ಜೋರು ಮಾಡಿದ, ನನಗೆ "ಕೊಯಪ್ಪ ಇಲ್ಲ ಟೀಚರೇ" ಅಂದ, ತೊಂದರೆ ಇಲ್ಲ ಅಂತ. ಹಳೆ ಸುಣ್ಣ ಪೂರ್ತಿ ಕೆರೆದು ತೆಗೀಬೇಕಿತ್ತು, ಮೇಲೆ ಮೇಲೆ ಉಜ್ಜಿ ಪುಟ್ಟಿ ಹಚ್ಚಿದ್ರು. ಸುಣ್ಣ ಹಿಡಿತ ಬಿಟ್ರೆ ಅದರ ಮೇಲಿನ ಪುಟ್ಟಿ, ಪೈಂಟ್ ಎಲ್ಲ ಒಟ್ಟಿಗೇ ಎದ್ದು ಬರ್ತದೆ, ಇದೆಲ್ಲ ನನಗೆ ಈಗ ಗೊತ್ತು.

ಪೈಂಟಿನ ಬಕೆಟ್ ಬಂದದ್ದು 10 ಲೀಟರಿನ ಒಂದೇ ಒಂದು, ಅದೂ ಮುಚ್ಚಳ ಮೊದಲೇ ತೆಗೆದದ್ದು. ಅಂಗಡಿಯಲ್ಲಿ ಮೆಷಿನಿಗೆ ಹಾಕಿ ಬಣ್ಣ ಮಿಕ್ಸ್ ಮಾಡಿಸಿದ್ರೆ ಶೇಡ್ ನಂಬ್ರದ ಸ್ಟಿಕ್ಕರ್ ಅಂಟಿಸಿ ಕೊಡ್ತಾರಲ್ಲ, ಅದು ಇಲ್ಲ. ಮುಚ್ಚಳದಲ್ಲಿ ಸ್ಟಿಕ್ಕರ್ ಕಿತ್ತ ಗುರುತು ಮಾತ್ರ ಇತ್ತು, ನಾನು ಬೆರಳಲ್ಲಿ ಮುಟ್ಟಿ ನೋಡಿದ್ದೇನೆ, ಅಂಟು ಅಂಟು. ಆವತ್ತು ಬಾಯಿ ಬಿಟ್ಟು ಕೇಳ್ಬೇಕಿತ್ತು. ಕೇಳ್ಲಿಲ್ಲ.

ಇನ್ನು ಕಾರ್ಪೆಟ್. ಗಮ್ ಹಾಕುದಿಲ್ಲ, ಬದಿಗೆ ಮಾತ್ರ ಟೇಪು, ಬೇಡದಾಗ ಸುರುಳಿ ಸುತ್ತಿ ತೆಗೆದಿಡ್ಬಹುದು ಅಂತ ಹೇಳಿದ್ದ, ಇವರ ಎದುರೇ ಹೇಳಿದ್ದ. ನಾವು ಬದ್ಧದ ಸೀರೆಗೆ ಕಾಸರಗೋಡಿಗೆ ಹೋದ ದಿನ, ಅತ್ತೆ ಒಬ್ಬರೇ ಮನೆಯಲ್ಲಿ ಇರುವಾಗ, ಬಂದು ನೆಲ ಪೂರ್ತಿ ಗಮ್ ಬಳಿದು ಅಂಟಿಸಿ ಆಗಿತ್ತು. ಗೇಟಿನ ಹತ್ತಿರಕ್ಕೇ ವಾಸನೆ. ಅತ್ತೆ ಅಂಗಳದ ತೆಂಗಿನ ಕಟ್ಟೆಯಲ್ಲಿ ಕೂತಿದ್ರು. ಅವ ಜಗಲಿಯಲ್ಲಿ ನಿಂತುಕೊಂಡು "ಟೇಪ್ ನಿಲ್ಲುದಿಲ್ಲ ಟೀಚರೇ, ಹೀಗೆ ಮಾಡಿದ್ರೆ ಹತ್ತು ವರ್ಷಕ್ಕೆ ಚಿಂತೆ ಇಲ್ಲ" ಅಂತ ಹೇಳಿ ಮತ್ತೆ 20,000 ಕೇಳಿದ. ಬದ್ಧಕ್ಕೆ ಒಂದು ವಾರ ಇತ್ತು, ಜಗಳ ಮಾಡುವ ಧೈರ್ಯ ಬರ್ಲಿಲ್ಲ, ಕೊಟ್ಟೆವು.

ಬದ್ಧದ ದಿನ ಎಲ್ಲ ಚಂದ ಕಂಡಿತು, ಸುಳ್ಳು ಹೇಳುದಿಲ್ಲ.

ಜೂನ್ ಎರಡನೇ ವಾರ ಮಳೆ ಸಮಾ ಹಿಡಿಯಿತು. ನಮ್ಮ ಕಡೆ ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ, ಕೆಂಪುಕಲ್ಲಿನ ಗೋಡೆ ನೀರು ಕುಡಿಯದೆ ಇರ್ತದಾ. ಮೊದಲು ಮೂಲೆಯಲ್ಲಿ ಹಪ್ಪಳದ ಹಾಗೆ ಗುಳ್ಳೆ ಎದ್ದಿತು, ಮತ್ತೆ ಅಂಗೈ ಅಗಲದ ಚಕ್ಕೆ ಚಕ್ಕೆ ಬಿದ್ದು ಒಳಗಿನ ಹಳೆ ಸುಣ್ಣ ಕಂಡಿತು. ಕಾರ್ಪೆಟಿನಲ್ಲಿ ಬೂಸ್ಟು, ಒದ್ದೆ ಗೋಣಿಯ ವಾಸನೆ, ಕಾಲಿಟ್ರೆ ತಣ್ಣಗೆ ಪಿಚಕ್ ಅನ್ನುದು. ಅತ್ತೆಯ ಕೆಮ್ಮು ಪುನಃ ಶುರು. ಡಾಕ್ಟ್ರು ಮೊದಲು ಅದನ್ನು ಮನೆಯಿಂದ ಹೊರಗೆ ಹಾಕಿ ಅಂದ್ರು.

ಎಳೆದೆವು. ನಾನು ಒಂದು ತುದಿ, ಇವರು ಒಂದು ತುದಿ. ಟರ್ ಅಂತ ಎದ್ದು ಬಂತು, ಬರುವಾಗ ನೆಲವನ್ನೂ ತಂದಿತು. ಕಾರ್ಪೆಟಿನ ಅಡಿಬದಿಯಲ್ಲಿ ಹಳದಿ ಗಮ್ಮು, ಗಮ್ಮಿನಲ್ಲಿ ಕೆಂಪು ಕಾವಿಯ ಸಿಪ್ಪೆ. 50 ವರ್ಷ ಮುಖ ಕಾಣುವ ಹಾಗೆ ಹೊಳೀತಿದ್ದ ನೆಲ, ಮಾವ ಕೆಲಸದವರ ಒಟ್ಟಿಗೆ ಮೊಣಕಾಲೂರಿ ಕೂತು ಕಲ್ಲಿನಲ್ಲಿ ತಿಕ್ಕಿ ತಿಕ್ಕಿ ಹೊಳಪು ತಂದದ್ದು, ಅತ್ತೆ ಹಬ್ಬಕ್ಕೆ ಹಬ್ಬಕ್ಕೆ ತೆಂಗಿನೆಣ್ಣೆ ಹಾಕಿ ಒರೆಸಿದ್ದು. ಅತ್ತೆ ಬಾಗಿಲ ಹತ್ತಿರ ನಿಂತು ನೋಡಿದ್ರು, ಒಂದು ಮಾತು ಆಡ್ಲಿಲ್ಲ. ಬೈದಿದ್ರೆ ಒಳ್ಳೇದಿತ್ತು.

ಫೋನ್ ಮಾಡಿದೆ, ತೆಗೀಲಿಲ್ಲ. ಫೋಟೋ ಕಳಿಸಿದೆ. ಅರ್ಧ ಗಂಟೆಗೆ ವಾಯ್ಸ್ ಮೆಸೇಜ್, "ಶರಿಯಾಕ್ಕಾಂ ಟೀಚರೇ, ಶರಿಯಾಕ್ಕಾಂ." ಸರಿ ಮಾಡುವ ಅಂತ. ಎರಡು ವಾರ ದಿನಾ ಇದೇ ಶರಿಯಾಕ್ಕಾಂ. ಆಮೇಲೆ ಮಳೆ ಬಿಡ್ಲಿ, ಅಕ್ಟೋಬರಿನಲ್ಲಿ ನೋಡುವ ಅಂದ. ಆಮೇಲೆ ಮಾತು ತಿರುಗಿತು, ನಿಮ್ಮ ಮನೆ ಹಳತು, ಶೀತ, ಅಂದ್ರೆ ಒದ್ದೆ, ನಿಮ್ಮ ಗೋಡೆಯದ್ದು, ನನ್ನ ಪೈಂಟಿನದ್ದಲ್ಲ. ಗೋಡೆ ಒದ್ದೆ ಅಂತ ನಿನ್ನ ಹುಡುಗನೇ ಹೇಳಿದ್ದಲ್ಲವಾ ಅಂತ ಕೇಳಿದ್ದಕ್ಕೆ ಉತ್ತರ ಇಲ್ಲ. ಕೊನೆಗೆ ಒಂದು ಮೆಸೇಜ್ ಬಂತು, ಕಾಗದದ ಅಡಿಯ ನಾಲ್ಕು ಸಾಲಿನ ಫೋಟೋ, ಕೆಂಪು ಗೆರೆ ಎಳೆದು.

ತಂಗಿಯ ಮಗಳು ಏಳನೇ ಕ್ಲಾಸು, ಈಗಿನ ಮಕ್ಕಳಿಗೆ ಶಾಲೆಯಲ್ಲಿ ಮಲಯಾಳ ಉಂಟಲ್ಲ, ಅವಳ ಹತ್ತಿರ ಕೊಟ್ಟೆ. ಅವಳು ಬೆರಳಿಟ್ಟು ಓದಿದಳು. "ದೊಡ್ಡಮ್ಮ, ಇದ್ರಲ್ಲಿ ಶೀತದಿಂದ ಹಾಳಾದ್ರೆ ನಾವು ಜವಾಬ್ದಾರರಲ್ಲ ಅಂತ ಉಂಟು. ಕಾರ್ಪೆಟ್ ಹಾಕಿದ ಮೇಲೆ ವಾಪಸ್ ಇಲ್ಲ ಅಂತ ಉಂಟು. ಗಮ್ ಹಾಕ್ಲಿಕ್ಕೆ ಮನೆಯವರ ಒಪ್ಪಿಗೆ ಉಂಟು ಅಂತ ಉಂಟು." ನಾನೆಷ್ಟು ಹೊತ್ತು ಹಾಗೇ ಕೂತಿದ್ದೆ ಗೊತ್ತಿಲ್ಲ. ಅಂದ್ರೆ ಟೇಪು ಅಂತ ಹೇಳುವಾಗಲೇ ಗಮ್ ಅಂತ ಬರೆದಿಟ್ಟಿದ್ದ. ಜಿಎಸ್‌ಟಿ ಅಂದನಲ್ಲ ನನ್ನ ಮುಖ ನೋಡಿಕೊಂಡು. ಫೋನ್ ಮಾಡಿ ಅದನ್ನೇ ಕೇಳಿದೆ. ಅವ ಹೇಳಿದ್ದು, "ಸೈನ್ ನಿಮ್ಮದ್ದೇ ಅಲ್ಲವಾ, ನೀವು ಟೀಚರ್ ಅಲ್ಲವಾ, ಓದದೆ ಸೈನ್ ಹಾಕ್ತಾರಾ? ಅದಿರಲಿ, ಬಾಕಿ 9,700 ಯಾವಾಗ ಕೊಡ್ತೀರಿ?"

ಆ ಮಾತು ಈಗಲೂ ಕಿವಿಯಲ್ಲಿ ಉಂಟು. ನೆಲ ಹೋದದ್ದಕ್ಕಿಂತ ಹೆಚ್ಚು ಚುಚ್ಚಿದ್ದು ಅದು.

ಸಿಟ್ಟಿನಲ್ಲಿ ಮನೆ ಪೂರ್ತಿ ನಾವೇ ಅಳೆದೆವು. ಕಿಟಕಿ ಬಾಗಿಲು ಕಳೆಯದೆ ಅಳೆದ್ರೂ 1,870 ಚದರಡಿ. 530 ಚದರಡಿ ಇಲ್ಲದ ಗೋಡೆಗೆ 12,720 ರೂಪಾಯಿ. ಒಂದು ಲೀಟರ್ ಎಮಲ್ಷನ್ ಎರಡು ಕೋಟ್ ಹಾಕಿದ್ರೆ ಸುಮಾರು 120-140 ಚದರಡಿ ಬರುದು, ನಮ್ಮ ಮನೆಗೆ ಏನಿಲ್ಲ ಅಂದ್ರೂ 13-14 ಲೀಟರ್ ಬೇಕು. ಬಂದದ್ದು 10. ಉಳಿದದ್ದು ನಮ್ಮ ಬಾವಿಯ ನೀರು.

ಮಾಡಿಸುವವರು ಟೇಪ್ ನೀವೇ ಹಿಡೀರಿ. ಪೈಂಟ್ ನೀವೇ ಅಂಗಡಿಗೆ ಹೋಗಿ ನಿಮ್ಮ ಹೆಸರಿನ ಬಿಲ್ಲಿನಲ್ಲಿ ತನ್ನಿ. ಕಾಗದ ಕನ್ನಡದಲ್ಲಿ ಬರೆಸಿ, ಇಲ್ಲವಾದ್ರೆ ಮಕ್ಕಳ ಹತ್ತಿರ ಓದಿಸದೆ ಪೆನ್ನು ಮುಟ್ಬೇಡಿ. ಶೀತ ಉಂಟಾ ಅಂತ ನೋಡ್ಲಿಕ್ಕೆ ನೀರ್ಚಾಲಿನ ಒಬ್ಬರು ಹಳೆ ಮೇಸ್ತ್ರಿ ಹೇಳಿಕೊಟ್ಟದ್ದು, ಒಂದೂವರೆ ಅಡಿ ಪ್ಲಾಸ್ಟಿಕ್ ಶೀಟನ್ನು ನೆಲಕ್ಕೋ ಗೋಡೆಗೋ ನಾಲ್ಕು ಬದಿ ಟೇಪ್ ಹಾಕಿ ಸಂಜೆ ಅಂಟಿಸಿ, ಮರುದಿನ ಒಳಬದಿಯಲ್ಲಿ ನೀರ ಹನಿ ಕಂಡ್ರೆ ಕೆಲಸ ಶುರು ಮಾಡ್ಬೇಡಿ. ಪೂರ್ತಿ ಹಣ ಮಾತ್ರ ಕೊಡ್ಲೇಬೇಡಿ, ಒಂದು ಮಳೆ ಕಳೀಲಿ.

ನಾವು ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗ್ತಾ ಇದ್ದೇವೆ. 5 ಲಕ್ಷದ ಒಳಗಿನದ್ದಕ್ಕೆ ಫೀಸ್ ಇಲ್ಲ, 2 ವರ್ಷದ ಒಳಗೆ ದೂರು ಕೊಡ್ಬೇಕು. ಹೇಗೆ ಅಂತ ಗೊತ್ತಾಗದಿದ್ರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಕೇಳ್ಬಹುದು. ಅವನ ಹೆಸರು ಇಲ್ಲಿ ಹಾಕುದಿಲ್ಲ, ದೂರಿನಲ್ಲಿ ಹಾಕಿದ್ದೇನೆ. ವಾಯ್ಸ್ ಮೆಸೇಜ್ ಒಂದನ್ನೂ ಡಿಲೀಟ್ ಮಾಡ್ಲಿಲ್ಲ.

ಕೊನೆಗೆ ಒಂದು ಕೇಳ್ಲಿಕ್ಕೆ ಉಂಟು. ಚಾವಡಿ ನಡುವಿನ ಗಮ್ಮು ಇನ್ನೂ ಹೋಗ್ಲಿಲ್ಲ, ತಿನ್ನರ್ ಹಾಕಿ ಉಜ್ಜಿದ್ರೆ ಕಾವಿಯ ಹೊಳಪೂ ಒಟ್ಟಿಗೆ ಹೋಗ್ತದೆ. ಅತ್ತೆ ದಿನಾ ಮಧ್ಯಾಹ್ನ ಕೂತು ತೆಂಗಿನೆಣ್ಣೆ ಹಚ್ಚಿ ಉಗುರಿನಲ್ಲಿ ಕೆರೀತಾರೆ, ಬೇಡ ಅಂದ್ರೂ ಕೇಳುದಿಲ್ಲ. ಹಳೆ ಕಾವಿ ನೆಲದ ಕೆಲಸ ಗೊತ್ತಿರುವವರು ಕುಂಬಳೆ, ಬದಿಯಡ್ಕ, ವಿಟ್ಲ ಕಡೆ ಯಾರಾದ್ರೂ ಇದ್ರೆ ತಿಳಿಸಿ.