ಬ್ಯಾಡಗಿಯ ದಲಾಲಿ ಅಂಗಡಿಯಲ್ಲಿ ಕ್ರೋನಿ: ಒಂದು ಸೀಸನ್ ಬಳಸಿದ ಮೇಲೆ

"ತೂಕ ಮಾಡೂಕಿಂತ ಮೊದಲ ಬಿಲ್ ಹ್ಯಾಂಗ ಆತ್ರೀ?" ರೈತರೊಬ್ಬರು ಎರಡೂ ಚೀಟಿ ಮುಂದಿಟ್ಟರು. ಬಿಲ್ಲಿನ ಮೇಲೆ 11:05, ಕಾಟಾ ಚೀಟಿಯ ಮೇಲೆ 11:09. ಮೆಣಸಿನಕಾಯಿ ತೂಕದಲ್ಲಿ ಒಂದು ಕಿಲೋ ಹೆಚ್ಚುಕಡಿಮೆ ಆಗಿರಲಿಲ್ಲ. ಆದರೂ ಅವರು ಕೇಳಿದ್ದು ನ್ಯಾಯವಾಗಿತ್ತು, ನನ್ನ ಬಳಿ ಉತ್ತರ ಇರಲಿಲ್ಲ.

ಕಾಟಾದ ಕಂಪ್ಯೂಟರಿಗೆ ನಾವು ಇಂಟರ್ನೆಟ್ ಕೊಟ್ಟಿಲ್ಲ. ಎಂಟು ತಿಂಗಳಿಂದ ಅದರ ಗಡಿಯಾರ ಯಾರೂ ಮುಟ್ಟಿರಲಿಲ್ಲ. ಒಳಗಿನ ಸಾದಾ ಕ್ವಾರ್ಟ್ಜ್ ಹರಳು ದಿನಕ್ಕೆ ಒಂದೂಮುಕ್ಕಾಲು ಸೆಕೆಂಡ್ ಮುಂದೆ ಓಡಿದರೂ ಅಷ್ಟರಲ್ಲಿ ಏಳು ನಿಮಿಷ ಆಗಿಬಿಡುತ್ತದೆ. ಹಾಗಾಗಿ ಬಿಲ್ಲಿಗಿಂತ ಮೊದಲೇ ತೂಗಿದ್ದರೂ ಕಾಟಾ ಚೀಟಿಯ ಮೇಲೆ ಆಮೇಲಿನ ಸಮಯ ಬಿದ್ದಿತ್ತು.

ಅವತ್ತು ಸಂಜೆಯೇ ಮೂಲೆಯಲ್ಲಿದ್ದ ಹಳೇ ಲಿನಕ್ಸ್ ಕಂಪ್ಯೂಟರಿಗೆ ಕ್ರೋನಿ ಹಾಕಿದೆ. ಇದು ಕಂಪ್ಯೂಟರಿನ ಗಡಿಯಾರವನ್ನು ಸರಿಯಾಗಿಡುವ ತಂತ್ರಾಂಶ. ಪುಕ್ಕಟೆ ಸಿಗುತ್ತದೆ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಿಂದ ಎನ್‌ಟಿಪಿ, ಅಂದರೆ ನೆಟ್ ಮೇಲೆ ಸಮಯ ಕೇಳಿ ಹೇಳುವ ಪದ್ಧತಿಯ ಮೂಲಕ ಸಮಯ ತರುತ್ತದೆ. ನಮ್ಮ ದೇಶದ ಕಾಲಮಾನವನ್ನು ಪರಮಾಣು ಗಡಿಯಾರಗಳಲ್ಲಿ ಕಾಯುವವರು ಅವರೇ. ಉಳಿದ ಐದು ವಿಂಡೋಸ್ ಕಂಪ್ಯೂಟರುಗಳು, ಕಾಟಾದ್ದೂ ಸೇರಿ, ಅಂಗಡಿಯೊಳಗಿನ ಸಂಪರ್ಕದಲ್ಲೇ ಈ ಮೂಲೆಯ ಕಂಪ್ಯೂಟರನ್ನು ಸಮಯ ಕೇಳಿಕೊಳ್ಳುತ್ತವೆ.

ನನಗೆ ಬಹಳ ಹಿಡಿಸಿದ್ದು, ನೆಟ್ ಹೋದಾಗಿನ ಇದರ ನಡೆ. ತಾನಿರುವ ಯಂತ್ರದ ಹರಳು ಎಷ್ಟು ಓಡುತ್ತದೆ, ಎಷ್ಟು ಹಿಂದೆ ಬೀಳುತ್ತದೆ ಎಂದು ಅಳೆದು ಬರೆದಿಟ್ಟುಕೊಂಡಿರುತ್ತದೆ. ಆ ಲೆಕ್ಕದ ಮೇಲೆ ತಾನೇ ತಿದ್ದಿಕೊಳ್ಳುತ್ತ ಹೋಗುತ್ತದೆ. ನೆಟ್ ಬಂದ ಮೇಲೂ ಸಣ್ಣ ವ್ಯತ್ಯಾಸಕ್ಕೆ ಗಡಿಯಾರವನ್ನು ಹಿಂದಕ್ಕೆ ಎಳೆಯುವುದಿಲ್ಲ, ವೇಗವನ್ನಷ್ಟೇ ತುಸು ತಗ್ಗಿಸಿ ಸರಿದೂಗಿಸುತ್ತದೆ. ಆವಕ ಜೋರಿದ್ದ ಫೆಬ್ರವರಿಯಲ್ಲಿ ಒಂದಿಡೀ ಮಧ್ಯಾಹ್ನ ನೆಟ್ ಇರಲಿಲ್ಲ. ಒಂದು ಚೀಟಿಯೂ ಹಿಂದುಮುಂದಾಗಲಿಲ್ಲ.

ಸೆಟ್ಟಿಂಗ್‌ಗೆ ಕಿಟಕಿ, ಗುಂಡಿ ಏನೂ ಇಲ್ಲ. ಎಲ್ಲ ಒಂದು ಫೈಲಿನಲ್ಲಿ ಬರೆಯಬೇಕು. 'ಅಲೋ' (allow, ಅನುಮತಿ) ಎಂಬ ಸಾಲು ಬರೆಯುವವರೆಗೆ ಅದು ಬೇರೆ ಕಂಪ್ಯೂಟರಿಗೆ ಉತ್ತರವನ್ನೇ ಕೊಡುವುದಿಲ್ಲ. ಹೊರಗಿನ ಸಂಪರ್ಕ ತಡೆಯುವ ಫೈರ್‌ವಾಲ್‌ನಲ್ಲಿ ಯುಡಿಪಿ 123ನೇ ಪೋರ್ಟ್, ಅಂದರೆ ಎನ್‌ಟಿಪಿ ಬಳಸುವ ದಾರಿ, ಕೂಡ ತೆರೆಯಬೇಕು. ಇವೆರಡು ಗೊತ್ತಾಗುವಷ್ಟರಲ್ಲಿ ನನ್ನ ಅರ್ಧ ದಿನ ಹೋಯಿತು. ಕನ್ನಡದಲ್ಲಿ ಎರಡು ಪುಟದ ವಿವರಣೆ ಇದ್ದಿದ್ದರೆ ಎಷ್ಟು ಅನುಕೂಲ ಆಗುತ್ತಿತ್ತು!

ಇನ್ನೊಂದು ಮಾತು. ನೆಟ್ ಇಲ್ಲದಾಗಲೂ ಸಮಯ ಹಂಚಲಿ ಎಂದು 'ಲೋಕಲ್' ಸಾಲು ಹಾಕುವವರು ಮೊದಲು ಮದರ್‌ಬೋರ್ಡಿನ ಸೆಲ್ ನೋಡಿ. ಸೆಲ್ ಸತ್ತಿದ್ದರೆ, ಕರೆಂಟ್ ಹೋಗಿ ಬಂದಾಗ ಯಂತ್ರ ಹಳೇ ತಾರೀಖಿನಲ್ಲಿ ಏಳುತ್ತದೆ. ನೆಟ್ ಬರುವವರೆಗೆ ಅದೇ ತಪ್ಪು ತಾರೀಖನ್ನು ಎಲ್ಲರಿಗೂ ಹಂಚುತ್ತದೆ. ನಾನು ಹಾವೇರಿಯಿಂದ ಹೊಸ ಸಿಆರ್2032 ಸೆಲ್ ತಂದು ಹಾಕಿದ ಮೇಲೆಯೇ ಆ ಸಾಲು ಬರೆದೆ.