ಸಿನಾಲಜಿ ಡಿಎಸ್220+: ಉಡುಪಿಯ ಸಿಡಿಲು-ಮಳೆಯಲ್ಲಿ ಬಳಸಿ ನೋಡಿದ ಮೇಲೆ

ಯಕ್ಷಗಾನ, ಕಂಬಳ ಅಂತ ತಿರುಗಿ ತೆಗೆದ ರಾ ಫೈಲುಗಳು (ಕ್ಯಾಮೆರಾದ ಮೂಲ ಚಿತ್ರಗಳು) ಮೂರು ಟಿಬಿ ದಾಟಿವೆ. 2022ರ ಕೃಷ್ಣಾಪುರ ಪರ್ಯಾಯವೂ 2024ರ ಪುತ್ತಿಗೆ ಪರ್ಯಾಯವೂ ಈ ಎರಡು ಡಿಸ್ಕಿನ ಪೆಟ್ಟಿಗೆಯೊಳಗೇ ಇವೆ. ಇದು ನ್ಯಾಸ್, ಅಂದರೆ ಮನೆಯ ನೆಟ್‌ವರ್ಕಿಗೆ ಸಿಕ್ಕಿಸಿ ಫೈಲು ಇಡುವ ಪೆಟ್ಟಿಗೆ.

"ಒಂದು ಡಿಸ್ಕ್ ಹೋದ್ರೆ ಇನ್ನೊಂದು ಉಂಟಲ್ಲ ಮಾರಾಯ್ರೆ" ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಉಂಟು. ಆದರೆ ಎರಡರಲ್ಲೂ ಒಂದೇ ಪ್ರತಿ ಇರುವುದರಿಂದ ಒಂದರಲ್ಲಿ ಅಳಿಸಿದ್ದು ಅದೇ ಕ್ಷಣಕ್ಕೆ ಇನ್ನೊಂದರಲ್ಲೂ ಅಳಿಯುತ್ತದೆ. ಅದಕ್ಕೆ ಸ್ನ್ಯಾಪ್‌ಶಾಟ್ ಬೇಕು, ಅಂದರೆ ಫೈಲುಗಳು ಆ ಹೊತ್ತಿಗೆ ಹೇಗಿದ್ದವೋ ಹಾಗೇ ಹಿಡಿದಿಡುವ ದಾಖಲೆ. ದಿನಕ್ಕೊಂದು ತೆಗೆಯುವಂತೆ ಇಟ್ಟಿದ್ದೇನೆ, ಜಾಗ ಹೆಚ್ಚೇನೂ ತಿನ್ನುವುದಿಲ್ಲ.

ನನ್ನ ಮಟ್ಟಿಗೆ ಕೊಟ್ಟ ದುಡ್ಡಿಗೆ ನ್ಯಾಯ ಸಿಕ್ಕಿದ್ದು ಡೇಟಾ ಸ್ಕ್ರಬ್ಬಿಂಗ್‌ನಲ್ಲಿ. ವರ್ಷಗಟ್ಟಲೆ ತೆರೆಯದ ಫೈಲು ಸದ್ದಿಲ್ಲದೆ ಕೆಡಬಹುದು. ಸ್ಕ್ರಬ್ಬಿಂಗ್ ಪ್ರತಿ ಫೈಲನ್ನೂ ಓದಿ ಚೆಕ್‌ಸಮ್‌ಗೆ (ಬರೆಯುವಾಗಲೇ ಲೆಕ್ಕ ಹಾಕಿಟ್ಟ ಗುರುತಿನ ಸಂಖ್ಯೆಗೆ) ತಾಳೆ ನೋಡುತ್ತದೆ, ಕೆಟ್ಟಿದ್ದರೆ ಇನ್ನೊಂದು ಡಿಸ್ಕಿನ ಸರಿಯಾದ ಪ್ರತಿಯಿಂದ ರಿಪೇರಿ ಮಾಡುತ್ತದೆ. ಮೊದಲು ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಆಯ್ದು, ಫೋಲ್ಡರ್ ಮಾಡುವಾಗಲೇ ಚೆಕ್‌ಸಮ್‌ಗೆ ಟಿಕ್ ಹಾಕಿರಬೇಕು. ಅದೇ ಫೋಲ್ಡರಿಗೆ ಆಮೇಲೆ ಹಾಕಲು ಬರುವುದಿಲ್ಲ. ಗಂಟೆಗಟ್ಟಲೆ ಓಡುವ ಕೆಲಸ. ಪತ್ತನಾಜೆಗೆ ಮೇಳಗಳ ತಿರುಗಾಟ ಮುಗಿದು ನನಗೂ ಬಿಡುವಾದ ಮೇಲೆ ಹಚ್ಚಿಬಿಡುತ್ತೇನೆ.

ಕರೆಂಟ್ ಹೋದರೆ ಚಿಂತೆಯಿಲ್ಲ. ಯುಪಿಎಸ್‌ನ ಯುಎಸ್‌ಬಿ ಕೇಬಲ್ ಸಿಕ್ಕಿಸಿ ಸೆಟ್ಟಿಂಗ್‌ನಲ್ಲಿ ಯುಪಿಎಸ್ ಆನ್ ಮಾಡಿದರೆ ಪೆಟ್ಟಿಗೆ ತಾನೇ ಕ್ರಮವಾಗಿ ಬಂದ್ ಆಗುತ್ತದೆ. ಸಿಡಿಲು ಬೇರೆ ಮಾತು. ಏಪ್ರಿಲ್-ಮೇ ಸಂಜೆ ಗುಡುಗು ಶುರುವಾದರೆ ಪ್ಲಗ್ಗಿನ ಜೊತೆ ಲ್ಯಾನ್ ಕೇಬಲ್ಲೂ ಕಿತ್ತಿಡುತ್ತೇನೆ. ಅದರಲ್ಲೂ ಹೊಡೆತ ಬರುತ್ತದೆ.

ಹಾಗಾಗಿ ಇನ್ನೊಂದು ಪ್ರತಿ ಮಂಗಳೂರಿನಲ್ಲಿ, ಕದ್ರಿಯ ಅಕ್ಕನ ಮನೆಯಲ್ಲಿ. ಸಿನಾಲಜಿಯದ್ದೇ ಬ್ಯಾಕಪ್ ಆ್ಯಪ್ ಆದ ಹೈಪರ್ ಬ್ಯಾಕಪ್‌ನಿಂದ ಎನ್‌ಕ್ರಿಪ್ಟ್ ಮಾಡಿದ ಯುಎಸ್‌ಬಿ ಡಿಸ್ಕ್, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯೊಳಗೆ. ಹೋದಾಗಲೆಲ್ಲ ಅಕ್ಕನ ಲ್ಯಾಪ್‌ಟಾಪಿಗೆ ಹಾಕಿ ಕೆಲವು ಚಿತ್ರ ತೆರೆದು ನೋಡುವುದುಂಟು. "ನಿಂದು ಮತ್ತೆ ಶುರುವಾಯ್ತಾ?" ಅಂತಾಳೆ. ಕ್ಲೌಡ್‌ಗೆ ಆಯ್ದ ಚಿತ್ರ ಮಾತ್ರ. ಮೂರು ಟಿಬಿ ಏರಿಸಲು 50 ಎಂಬಿಪಿಎಸ್ ಅಪ್‌ಲೋಡ್ ಪೂರ್ತಿ ಸಿಕ್ಕಿದರೂ ಐದೂವರೆ ದಿನ ಬೇಕು, ಆಮೇಲೆ ತಿಂಗಳು ತಿಂಗಳು ಬಾಡಿಗೆ.

ಕೊರತೆ ಇಲ್ಲವೆಂದಲ್ಲ. ಗಿಗಾಬಿಟ್ ಪೋರ್ಟಿನಲ್ಲಿ ಸೆಕೆಂಡಿಗೆ 110 ಎಂಬಿ ಆಸುಪಾಸಿಗೇ ಮಿತಿ. ನೇರ ಇದರಿಂದಲೇ ಎಡಿಟ್ ಮಾಡುವುದು ಬೇಸರದ ಕೆಲಸ. 2 ಜಿಬಿ ರ‍್ಯಾಮ್‌ನಲ್ಲಿ ಮುಖ ಗುರುತಿಸುವ ಸೌಲಭ್ಯ ತೆವಳುತ್ತದೆ, ನಾನಂತೂ ಆಫ್ ಮಾಡಿದ್ದೇನೆ. 2023ರಲ್ಲಿ ಬಂದ ಡಿಎಸ್224+ನಲ್ಲೂ ಪೋರ್ಟ್ ಗಿಗಾಬಿಟ್ಟೇ. ಹಳೆಯದು ಇರುವವರು ಅದಕ್ಕೆ ಹಾಕುವ ದುಡ್ಡಲ್ಲಿ ಒಳ್ಳೆಯ ಯುಪಿಎಸ್ಸೂ ಬೇರೆ ಊರಲ್ಲಿಡಲು ಒಂದು ಡಿಸ್ಕೂ ಕೊಳ್ಳಲಿ.