ಮಂದದೃಷ್ಟಿ ಎಷ್ಟು ಜನಕ್ಕಿದೆ? ಯಾವ ಲೆಕ್ಕ ಹಿಡಿಯೋಣ?

ರಾಯಚೂರು, ಕೊಪ್ಪಳ ಕಡೆ ಮಂದದೃಷ್ಟಿಯ (ಕನ್ನಡಕ ಹಾಕಿದರೂ ಸರಿಯಾಗಿ ಕಾಣದಿರುವುದು) ಲೆಕ್ಕ ಬೇಕಾದವರಿಗೆ ನನ್ನ ಸಲಹೆ ಇಷ್ಟೇ: ಕೈಯಲ್ಲಿ ದುಡ್ಡು, ಜನ ಇದ್ದರೆ ಮನೆಮನೆ ಸಮೀಕ್ಷೆಯನ್ನೇ ಮಾಡಿ.

ಜನಗಣತಿ ಪ್ರತಿ ಊರನ್ನೂ ಮುಟ್ಟುತ್ತದೆ, ನಿಜ. ಆದರೆ ಅಲ್ಲಿ ಯಾರೂ ಕಣ್ಣು ಪರೀಕ್ಷಿಸುವುದಿಲ್ಲ, ಸುಮ್ನೆ ಕೇಳಿ ಬರೆದುಕೊಳ್ಳುತ್ತಾರೆ. ದೇಶದಲ್ಲಿ ನೋಟದ ತೊಂದರೆ ಇರುವವರು 2001ರಲ್ಲಿ 1.06 ಕೋಟಿ, 2011ರಲ್ಲಿ ಸುಮಾರು 50 ಲಕ್ಷ. ಮಧ್ಯೆ ವ್ಯಾಖ್ಯೆಯೇ ಬದಲಾಗಿತ್ತು, ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಡಿ.

ಆಸ್ಪತ್ರೆ ದಾಖಲೆಯಲ್ಲಿ ಅಳತೆ ಪಕ್ಕಾ. ಆದರೆ ಅದು ಬಂದವರ ಲೆಕ್ಕ ಮಾತ್ರ, ಬಸ್ಸು ಹತ್ತಿಸಿ ಕರೆದುಕೊಂಡು ಹೋಗುವವರಿಲ್ಲದ ಅಜ್ಜಿ ಅದರಲ್ಲಿ ಇರುವುದೇ ಇಲ್ಲ, ಅಲ್ವಾ?

ಮನೆಮನೆ ಸಮೀಕ್ಷೆಯಲ್ಲಿ ಅದೇ ಅಜ್ಜಿಯನ್ನು ಕಟ್ಟೆ ಮೇಲೆ ಕೂರಿಸಿ, 6 ಮೀಟರ್ ಹಗ್ಗ ಅಳೆದು ನಿಂತು, ಇಂಗ್ಲಿಷಿನ ‘E’ ಆಕಾರದ ಚಿತ್ರದ ಬಾಯಿ ಯಾವ ಕಡೆ ಇದೆ ಅಂತ ಕೈಯಲ್ಲಿ ತೋರಿಸಲು ಹೇಳುತ್ತಾರೆ. ಓದು ಬರಬೇಕಿಲ್ಲ. 6/18ರ ಗುರುತು, ಅಂದರೆ ಕಣ್ಣು ಚೆನ್ನಾಗಿರುವವರಿಗೆ 18 ಮೀಟರ್ ದೂರದಿಂದಲೂ ಕಾಣುವ ಗುರುತು, 6 ಮೀಟರ್‌ನಿಂದ ಕಾಣದಿದ್ದರೆ ಸಣ್ಣ ತೂತಿನ ಪಟ್ಟಿ ಹಿಡಿದು ಮತ್ತೆ ನೋಡಿಸುತ್ತಾರೆ. ಆಗ ಕಂಡರೆ ಬಹುತೇಕ ಕನ್ನಡಕದ ಕೊರತೆ, ಮಂದದೃಷ್ಟಿಯಲ್ಲ.

ಒಂದು ಕೊರತೆ ಇದೆ: ಬೇಗ ಮುಗಿಸುವ ಸಮೀಕ್ಷೆಗಳು 50 ದಾಟಿದವರನ್ನಷ್ಟೇ ನೋಡುತ್ತವೆ. ಮಕ್ಕಳಿಗೆ ಶಾಲೆಯಲ್ಲಿ ಬೇರೆ ತಪಾಸಣೆ ಬೇಕು. ಗುಳೆ ಹೋದ ತಿಂಗಳಲ್ಲಂತೂ ಹೊರಡಬೇಡಿ, ಬಾಗಿಲಿಗೆ ಬೀಗ ಇರುತ್ತದೆ.